ಗಡಿ ದಾಟಿಸಿದ ಹಂಸ

ಸತ್ಯವ್ವನಿಗೆ ಕನಸು ಬೀಳುವುದು ಹಗಲಿನಲ್ಲಿ. ರಾತ್ರಿ ಆಕೆ ಕೊರಡು ಬಿದ್ದ ಹಾಗೆ ಮಲಗುವವಳು. ಮಧ್ಯಾಹ್ನ ರೊಟ್ಟಿ ಉಂಡು, ಎಲೆಅಡಿಕೆ ಹಾಕಿಕೊಂಡು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳೆಂದರೆ ಸಾಕು, ಓಣಿಯ ದೇವಿ ದುರಗವ್ವ, ತೀರಿಕೊಂಡ ಗಂಡ, ಎಂದೋ ಮಾರಿದ ಎಮ್ಮೆ, ಎಲ್ಲರೂ ಒಬ್ಬರ ಹಿಂದೊಬ್ಬರು ಬಂದು ಮಾತಾಡಿಸಿ ಹೋಗುವರು. ಎದ್ದ ಕೂಡಲೇ ಅದನ್ನೆಲ್ಲ ಸೊಸೆಗೆ ಒಪ್ಪಿಸಬೇಕು. ಒಪ್ಪಿಸುವ ತನಕ ಆಕೆಗೆ ಗಂಟಲಲ್ಲಿ ಚಹಾ ಇಳಿಯದು.

ಸೊಸೆ ಕಸ್ತೂರೆವ್ವ ಹಿತ್ತಲ ಬಾಗಿಲಲ್ಲಿ ಕೂತು ತತ್ತಿ ಒರೆಸುತ್ತ ಹೂಂಗುಟ್ಟುತ್ತಿದ್ದಳು. ಅತ್ತೆಯ ಕನಸು ಎಲ್ಲಿ ಮುಗಿಯಿತು, ತನ್ನ ತೂಕಡಿಕೆ ಎಲ್ಲಿ ಶುರುವಾಯಿತು ಎಂಬುದು ಆಕೆಗೆ ಈಚೆಗೆ ತಿಳಿಯುತ್ತಲೇ ಇರಲಿಲ್ಲ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ನಿಂತ ಬಸಿರು. ಕೆರೆಯ ಕಡೆಯ ಗಾಳಿಗೆ ಕೂತಲ್ಲೇ ಕಣ್ಣು ಎಳೆಯುತ್ತಿತ್ತು. ಕಣ್ಣು ಬಿಟ್ಟರೂ ಎದುರಿಗೆ ಇರುವುದು ಅರ್ಧ ಕನಸಿನದೇ ನೋಟ. ಉಣಕಲ್ ಕೆರೆಯ ಮೇಲೆ ಹಾಲಿನ ಕೆನೆಯಂಥ ಬೆಳಕು, ಆ ಬೆಳಕಿನಲ್ಲಿ ಆಕೆಯ ಬಾತುಗಳು, ಎಲ್ಲಕ್ಕಿಂತ ಮುಂದೆ ಕುತ್ತಿಗೆ ಎತ್ತಿ ತೇಲುವ ಬಿಳಿಯ ಹೆಬ್ಬಾತು. ಅದರ ಹೆಸರು ಬೆಳ್ಳಿ. ಅಂಬಿಗರ ಓಣಿಯವರು ಅದನ್ನು ಹಂಸ ಎಂದೇ ಕರೆಯುತ್ತಿದ್ದರು. ಹಂಸವೆಲ್ಲಿ, ಹೆಬ್ಬಾತೆಲ್ಲಿ ಎಂದು ಯಾರೂ ತಕರಾರು ತೆಗೆದಿರಲಿಲ್ಲ. ಬೆಳ್ಳಿಗಂತೂ ಆ ಹೆಸರು ಪೂರ್ತಿ ಒಪ್ಪಿಗೆಯಾದಂತಿತ್ತು. ಅದು ಓಣಿಯಲ್ಲಿ ನಡೆದುಬರುವ ಠೀವಿಗೆ ನಾಯಿಗಳೂ ದಾರಿ ಬಿಡುತ್ತಿದ್ದವು.

ಎರಡನೆಯ ಮಹಾಯುದ್ಧದ ಸುದ್ದಿ ಇನ್ನೂ ಹುಬ್ಬಳ್ಳಿಗೆ ಮುಟ್ಟದ ವರ್ಷಗಳವು. ಕಸ್ತೂರೆವ್ವನ ಗಂಡ ದ್ಯಾಮಣ್ಣ ರೈಲ್ವೆ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಬೆಳಗಿನ ಭೋಂಗಾ ಕೂಗುವ ಮೊದಲು ರೊಟ್ಟಿಗಂಟು ಹಿಡಿದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಬಾತುಗಳ ಪಾಲನೆ ಹೆಂಗಸರದು. ತತ್ತಿಗಳನ್ನು ಹಳ್ಳದಾಚೆಯ ಬೆಂಗೇರಿಯ ಗೌಸಮೊದ್ದೀನ ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ಸೈಕಲ್ಲಿಗೆ ಕಟ್ಟಿ, ದುರ್ಗದಬೈಲಿನ ಪೇಟೆಗೂ ರೈಲ್ವೆ ಸಾಹೇಬರ ಬಂಗಲೆಗಳಿಗೂ ಒಯ್ಯುತ್ತಿದ್ದ. ಅವನ ಹೆಂಡತಿ ಸಿತಾರಾ ಸವಣೂರಿನ ಹುಡುಗಿ. ಆಕೆಯ ಹಿತ್ತಲಿನಲ್ಲಿಯೂ ಬಾತು, ಹೆಬ್ಬಾತುಗಳ ಹಿಂಡು ಇತ್ತು. ಬೆಳ್ಳಿ ತತ್ತಿಯೊಡೆದು ಬಂದದ್ದು ಆ ಹಿತ್ತಲಿನಲ್ಲಿಯೇ. ಒಂದು ಕಾಲಿನ ಬೆರಳು ಬಗ್ಗಿದ, ಮುಷ್ಟಿಯಷ್ಟಿದ್ದ ಹಳದಿ ಮರಿಯನ್ನು ಸಿತಾರಾ ಒಂದು ದಿನ ತಾನೇ ತಂದು ಕಸ್ತೂರೆವ್ವನ ಸೆರಗಿನಲ್ಲಿ ಹಾಕಿದ್ದಳು.

"ಕಸ್ತೂರಕ್ಕಾ, ಇದನ್ನ ಉಡ್ಯಾಗ ಇಟಗೋ. ಉಡಿ ತುಂಬೋ ಹಕ್ಕಿ ಐತಿ ಇದು."

ಮರಿ ಬೆಳೆದು ಹಿಂಡಿನ ಮುಂದಾಳಾಯಿತು, ಕಸ್ತೂರೆವ್ವನ ಉಡಿಯೂ ತುಂಬಿತು. ಅಂದಿನಿಂದ ಇಬ್ಬರದೂ ಅಕ್ಕತಂಗಿಯರ ಹಾಗೆ ಗೆಳೆತನ.

ಮಹಾನವಮಿಗೆ ಇನ್ನೂ ಕೆಲವು ವಾರ ಇದ್ದಾಗ ಒಂದು ಬೆಳಗ್ಗೆ ಬೂದುಬಣ್ಣದ ಬಾತೊಂದು ನೀರಿಗಿಳಿಯಲಿಲ್ಲ. ದಂಡೆಯಲ್ಲಿ ರೆಕ್ಕೆ ಇಳಿಬಿಟ್ಟು ಕೂತಿತು. ನೀರನ್ನಷ್ಟೇ ಕುಡಿಯಿತು, ಮತ್ತೆ ಕುಡಿಯಿತು. ಕೊಕ್ಕಿನಿಂದ ಲೋಳೆ ಇಳಿಯುತ್ತಿತ್ತು. ಬಿಸಿಲೇರುವಷ್ಟರಲ್ಲಿ ಕತ್ತು ಬೆನ್ನಿನ ಮೇಲೆ ಚೆಲ್ಲಿ ಸತ್ತೇ ಹೋಯಿತು. ಮರುದಿನ ಇನ್ನೆರಡು. ಆಮೇಲೆ ಗೂಡಿನ ಬಾಗಿಲು ತೆಗೆಯಲು ಕಸ್ತೂರೆವ್ವನಿಗೆ ಕೈ ಬಾರದಾಯಿತು. ಹಸಿರು ಹಸಿರಾಗಿ ಕಟ್ಟಿಕೊಂಡ ಹಿಕ್ಕೆಯ ವಾಸನೆ ಒಂದು ಕಡೆ. ಬಾಗಿಲಿನಾಚೆ ಯಾವುದು ಬದುಕಿದೆ, ಯಾವುದು ಇಲ್ಲ ಎಂಬ ಭಯ ಬೇರೆ.

"ಜೀವ ಇರೂತನ ಕೊಯ್ದುಬಿಡು," ಎಂದಳು ಸತ್ಯವ್ವ. "ಮಣ್ಣಿಗೆ ಹಾಕೂದಕ್ಕಿಂತ ನಾಕು ಮಂದಿ ಉಂಡಾರು."

"ನೀ ಉಣ್ಣತಿಯೇನು?" ಎಂದು ಕೇಳಿದ ದ್ಯಾಮಣ್ಣ, ತಾಟಿನಿಂದ ಮುಖ ಎತ್ತದೆ.

"ನಾ ಯಾಕ ಉಣ್ಲಿ? ನನಗ ಹಲ್ಲಿಲ್ಲ."

"ನಿನ್ನ ಹಲ್ಲಿಗೆ ಒಗ್ಗದ್ದು ಮಂದಿ ಹೊಟ್ಟಿಗೆ ಒಗ್ಗತೈತೇನವ್ವಾ? ಸುಮ್ಮನಿರು. ಆಯ್ತವಾರ ಧಾರವಾಡಕ್ಕ ಹೋಗಿ ದನದ ದವಾಖಾನಿಯಾಗ ಕೇಳಿ ಬರತೇನಿ."

ಹೇಳಿದಂತೆ ಹೋಗಿಬಂದ. ಬಾತಿನ ನಾಡಿ ಎಲ್ಲಿರುತ್ತದೆ ಎಂದು ಅಲ್ಲಿಯ ಕಂಪೌಂಡರ್ ನಕ್ಕನಂತೆ. ಡಾಕ್ಟರ್ ಮಾತ್ರ ನಗದೆ ಎಲ್ಲವನ್ನೂ ಕೇಳಿಸಿಕೊಂಡು ಹೇಳಿ ಕಳಿಸಿದ್ದ. ದ್ಯಾಮಣ್ಣ ಕಾಲು ತೊಳೆದು ಕೂತು, ಸಾಲೆಯ ಹುಡುಗನ ಹಾಗೆ ಒಪ್ಪಿಸಿದ: "ಹಕ್ಕಿಗೆ ಬರೋ ಕಾಲರಾ ಅಂತ ಇದು. ಒಂದರಿಂದ ಒಂದಕ್ಕ ಹತ್ತತೈತಿ. ಸತ್ತದ್ದನ್ನ ಸುಣ್ಣ ಹಾಕಿ ಹೂಳಬೇಕು, ಇದ್ದದ್ದನ್ನ ಕೆರಿಗೆ ಬಿಡಬಾರ್ದು. ಬ್ಯಾನಿ ಬಂದು ಬದುಕಿದ್ದು ಇರತೈತಲ್ಲ, ಅದರ ಮೈಯಾಗ ಬ್ಯಾನಿ ಅಡಗಿರತೈತಂತ. ಛಲೋ ಕಂಡ್ರೂ ಬ್ಯಾರೆ ಹಕ್ಕಿ ಕೂಡ ಬಿಡಬಾರ್ದಂತ."

"ಔಷಧ ಏನು ಕೊಟ್ಟಾ?"

"ಔಷಧ ಇಲ್ಲಂತ."

"ಔಷಧ ಇಲ್ಲ ಅಂತ ಕೇಳಾಕ ಧಾರವಾಡಕ್ಕ ಹೋಗಿದ್ದೇನು? ಅಷ್ಟನ್ನ ನಾ ಇಲ್ಲೇ ಕುಂತು ಹೇಳತಿದ್ದೆ," ಎಂದು ಸತ್ಯವ್ವ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ದ್ಯಾಮಣ್ಣ ಸುಣ್ಣ ತಂದು ಗೂಡಿಗೆ ಬಳಿದ. ಕಸ್ತೂರೆವ್ವ ಬಾತುಗಳನ್ನು ಹಿತ್ತಲಿನಲ್ಲಿಯೇ ಕೂಡಿಹಾಕಿದಳು. ಆದರೂ ಸಾವು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಸತ್ಯವ್ವ ಕಂಬದ ಬುಡದಲ್ಲಿ ಬೆಚ್ಚಿ ಎದ್ದಳು.

"ಬಂದಿದ್ಲು. ಹಸರ ಸೀರಿ ಉಟಗೊಂಡು ದುರಗವ್ವ ಕೆರಿ ಮ್ಯಾಲೆ ನಡಕೋತ ಬಂದ್ಲು. ಬಿಳೀದು ಕೊಡು ಅಂದ್ಲು."

ಕಸ್ತೂರೆವ್ವನ ಕೈಯ ಕೆಲಸ ನಿಂತಿತು. ಆ ಓಣಿಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಆಕೆಗೆ ಗೊತ್ತಿತ್ತು. ಹಕ್ಕಿಗಳಿಗೆ ಬೇನೆ ಬಂದರೆ ಹಿಂಡಿನ ಮುಂದಾಳಿಗೆ ಅರಿಷಿಣ ಕುಂಕುಮ ಹಚ್ಚಿ, ಕೊರಳಿಗೆ ಬೇವಿನ ಎಸಳು ಕಟ್ಟಿ, ಜೀವಂತವಾಗಿ ಊರಿನ ಗಡಿಯಾಚೆ ಬಿಟ್ಟು ಬರುವುದು. ಬೇನೆ ಅದರ ಬೆನ್ನೇರಿ ಊರು ಬಿಡುತ್ತದೆ. ಬಿಟ್ಟವರು ತಿರುಗಿ ನೋಡಬಾರದು. ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು: ಬಿಟ್ಟ ಸಂಗತಿಯನ್ನು ಹೊರಗಿನವರ ಎದುರು ಬಾಯಿಬಿಡಬಾರದು. ಯಾರು ಬಾಯಿಬಿಡುತ್ತಾರೋ ಬೇನೆ ಅವರನ್ನೇ ಹುಡುಕಿಕೊಂಡು ಬರುತ್ತದೆ. ಸತ್ಯವ್ವನ ನೆಗೆಣ್ಣಿ ಹಿಂದೊಮ್ಮೆ ಬಾವಿಯ ಕಟ್ಟೆಯಲ್ಲಿ ನಗುನಗುತ್ತ ಹೇಳಿಬಿಟ್ಟಿದ್ದಳು. ಆ ತಿಂಗಳೇ ಆಕೆಯ ತೊಟ್ಟಿಲು ಬರಿದಾಯಿತು. ಅದನ್ನು ಕಣ್ಣಾರೆ ಕಂಡವಳು ಸತ್ಯವ್ವ.

"ಬೆಳ್ಳಿ ಬ್ಯಾಡ್ರಿ ಅತ್ತಿ," ಎಂದಳು ಕಸ್ತೂರೆವ್ವ.

"ಬ್ಯಾಡ ಅನ್ನಾಕ ನಾನೂ ನೀನೂ ಯಾರು? ಕೇಳಿದಾಕಿ ಆಕಿ. ನೋಡಿಲ್ಲಿ, ಅದೂ ಜೊಲ್ಲ ಸುರಸಾಕತ್ತೈತಿ. ಹೆಂಗೂ ಸಾಯತೈತಿ."

"ಬೆಂಗೇರಿ ಗಡಿಗೇನ್ರಿ? ಆ ಕಡೆ ಸಿತಾರಾನ ಮನಿ ಐತ್ರಿ."

"ಆಕಿ ಮನಿ ಎಲ್ಲೋ ದೂರ ಐತಿ. ಗಡಿಗೆ ಬಿಟ್ಟದ್ದು ನರಿ ಪಾಲು. ಈ ಕಡೆ ಕೆರಿ, ಆ ಕಡೆ ದೇವಿ ಗುಡಿ, ಮತ್ತೆಲ್ಲಿ ಬಿಡೂಣು ಹೇಳು?"

ದ್ಯಾಮಣ್ಣ ಕಾರಖಾನೆಯಿಂದ ಬರುವುದರೊಳಗೆ ಮುಗಿಸಿಬಿಡಬೇಕೆಂದು ಅತ್ತೆ ಸೊಸೆ ಹೊತ್ತು ಇಳಿಯುವಾಗಲೇ ಹೊರಟರು. ಬೆಳ್ಳಿಯನ್ನು ಕಸ್ತೂರೆವ್ವ ಎತ್ತಿಕೊಂಡಿದ್ದಳು. ಹಕ್ಕಿಯ ಜ್ವರದ ಕಾವು ಸೀರೆಯನ್ನು ಹಾಯ್ದು ಹೊಟ್ಟೆಗೆ ತಾಗುತ್ತಿತ್ತು. ದಾರಿಯ ಇಬ್ಬದಿಯ ಜೋಳದ ಹೊಲ ಬಂಗಾರದ ಬಣ್ಣಕ್ಕೆ ತಿರುಗಿ, ತಾನು ನಡೆಯುತ್ತಿರುವುದು ನೆಲದ ಮೇಲೋ ನಿದ್ದೆಯಲ್ಲೋ ಎಂಬ ಗೊಂದಲ ಆಕೆಗೆ. ಹಳ್ಳದ ಈಚೆಯ ಗಡಿಕಲ್ಲಿನ ಬಳಿ ಸತ್ಯವ್ವ ಕುಂಕುಮ ಹಚ್ಚಿದಳು, ಬೇವು ಕಟ್ಟಿದಳು, "ಇಳಸು" ಎಂದಳು. ಕಸ್ತೂರೆವ್ವ ಕಲ್ಲಿನಾಚೆ ಇಳಿಸಿದಳು. ನಾಲ್ಕು ಹೆಜ್ಜೆ ಬಂದಿರಬೇಕು, ಹಿಂದಿನಿಂದ ಬೆಳ್ಳಿ ಕೂಗಿತು. ಮೇವಿನ ಹೊತ್ತಿಗೆ ಕೂಗುವ ಕೂಗೇ ಅದು. ಕಸ್ತೂರೆವ್ವ ತಿರುಗಿ ನೋಡಲಿಲ್ಲ. ಮನೆ ಮುಟ್ಟುವವರೆಗೂ ಅತ್ತಳು, ಸತ್ಯವ್ವ ಬೇಡವೆನ್ನಲಿಲ್ಲ.

ಆ ವಾರ ಸಾವು ನಿಂತಿತು. ಸಾಯಲು ಇನ್ನು ಹೆಚ್ಚು ಉಳಿದಿರಲೂ ಇಲ್ಲ ಎಂದು ಹೇಳಹೋಗಿ ದ್ಯಾಮಣ್ಣ ತಾಯಿಯಿಂದ ಚೆನ್ನಾಗಿ ಬೈಸಿಕೊಂಡ. ಉಳಿದ ಬೆರಳೆಣಿಕೆಯ ಬಾತುಗಳು ಹಿತ್ತಲಲ್ಲಿ ಕೆಸರು ಕೆದಕುತ್ತಿದ್ದವು. ಮನೆಯಲ್ಲಿ ಮತ್ತೆ ಪುಂಡಿಪಲ್ಯ ಬೆಂದಿತು, ಮಧ್ಯಾಹ್ನದ ಕನಸುಗಳು ಮತ್ತೆ ಹಗುರಾದವು. ದೇವರು ಬರುವ ಬದಲು ಎಮ್ಮೆಗಳೇ ಹೆಚ್ಚು ಬಂದವು. ಕಸ್ತೂರೆವ್ವನಿಗೆ ಹೊಟ್ಟೆಯೊಳಗೆ ಮೊದಲ ಸಲ ಮಿಸುಕಿದಂತಾಯಿತು. ಬಾತುಗಳ ಕಡೆ ನೋಡಿದಾಗ ಮಾತ್ರ ಹಿಂಡಿನ ಮುಂದಿನ ಜಾಗ ಖಾಲಿ ಕಂಡು ಎದೆ ಹಿಂಡುತ್ತಿತ್ತು.

ನವರಾತ್ರಿಯ ಘಟ ಕೂಡಿಸಿದ ಮೇಲೆ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಸಿತಾರಾ ಬಂದಳು. ಒಂದು ಕೈಯಲ್ಲಿ ಹಿತ್ತಾಳೆಯ ಡಬ್ಬಿ. ಇನ್ನೊಂದು ಕಂಕುಳಲ್ಲಿ, ಬುರ್ಖಾದ ಮಡಿಕೆಯೊಳಗಿಂದ ಕುತ್ತಿಗೆ ನೀಡಿದ ಬೆಳ್ಳಿ.

"ಕಸ್ತೂರಕ್ಕಾ! ನೋಡು ಯಾರನ್ನ ಕರಕೊಂಡು ಬಂದೇನಿ!"

ಕಸ್ತೂರೆವ್ವ ಓಡಿಹೋಗಿ ಹಕ್ಕಿಯನ್ನು ಅಪ್ಪಿಕೊಂಡಳು. ಆ ಗಳಿಗೆಯಲ್ಲಿ ಆಕೆಗೆ ಸಂತೋಷದ ಹೊರತು ಬೇರೇನೂ ತೋಚಲಿಲ್ಲ.

"ಹಳ್ಳದ ದಂಡ್ಯಾಗ ಕುಂತಿತ್ತು, ಪೂರಾ ತೋಯಿಸಿಕೊಂಡು," ಸಿತಾರಾ ಒಂದೇ ಉಸಿರಿಗೆ ಹೇಳಿದಳು. "ಬಗ್ಗಿದ ಬೆರಳ ನೋಡಿ ಗುರ್ತ ಹಿಡದೆ, ಇದು ನಮ್ಮ ಬೆಳ್ಳಿ ಅಂತ. ದಾರಿ ತಪ್ಪಿ ಬಂದು ಜಡ್ಡು ಬಿದ್ದಿತ್ತು ಪಾಪ. ಬೆಲ್ಲದ ನೀರು ಕುಡಿಸಿ, ಅರಳು ತಿನಿಸಿ, ನಮ್ಮ ಹಕ್ಕಿ ಕೂಡ ಬೆಚ್ಚಗ ಇಟ್ಟೆ. ಅದರವ್ವ ಅಲ್ಲೇ ಐತೆಲ್ಲ! ಈಗ ನೋಡು ಹೆಂಗಾಗೈತಿ."

"ನಿಮ್ಮ ಹಕ್ಕಿ ಕೂಡ ಇಟ್ಟಿದ್ದಿ?"

"ಹೂಂ ಮತ್ತ. ಒಂದ ಗೂಡಿನ್ಯಾಗ. ಯಾಕ?"

ಕಸ್ತೂರೆವ್ವ ಪಡಸಾಲೆಯ ಕಡೆ ನೋಡಿದಳು. ಸತ್ಯವ್ವ ಕಂಬ ಹಿಡಿದು ಎದ್ದು ನಿಂತಿದ್ದಳು. ಸೊಸೆಗೆ ಕಾಣುವಂತೆ ಒಂದು ಬೆರಳನ್ನು ತುಟಿಯ ಮೇಲಿಟ್ಟು ಒಳಗೆ ನಡೆದಳು.

"ಏನಿಲ್ಲ," ಎಂದಳು ಕಸ್ತೂರೆವ್ವ.

ಡಬ್ಬಿಯಲ್ಲಿ ಶಾವಿಗೆಯ ಖೀರಿತ್ತು. ಬಸುರಿಯ ಬಾಯಿ ಸಿಹಿಯಾಗಲೆಂದು ಸಿತಾರಾ ಎದುರಿಗೆ ಕೂತು ತಿನ್ನಿಸಿದಳು. ಕಸ್ತೂರೆವ್ವ ತಿಂದಳು.

ಸಂಜೆ ದ್ಯಾಮಣ್ಣ ಬೆಳ್ಳಿಯನ್ನು ನೋಡಿ ತಲೆ ಹಿಡಿದುಕೊಂಡ. ಬೇರೆಯ ಮೂಲೆಯಲ್ಲಿ ದೊಡ್ಡ ಬುಟ್ಟಿ ಡಬ್ಬು ಹಾಕಿ ಅದರಡಿ ಇಟ್ಟ. "ಡಾಕ್ಟರ್ ಏನ್ ಹೇಳಿದ್ದ? ಬದುಕಿದ್ದರ ಮೈಯಾಗ ಬ್ಯಾನಿ ಇರತೈತಿ ಅಂದಿದ್ದಿಲ್ಲ? ನಿಮ್ಮಿಬ್ಬರಿಗೆ ಹೇಳಿದ್ದು ಕಲ್ಲಿಗೆ ಹೇಳಿದಂಗ ಆತು."

"ಅದರ ಹೆಸರು ಎತ್ತಬ್ಯಾಡ ಮನ್ಯಾಗ," ಎಂದಳು ಸತ್ಯವ್ವ. ಮುಂದೆ ಎಷ್ಟೋ ದಿನ ಆಕೆಗೆ ಹಗಲು ನಿದ್ದೆಯೇ ಹತ್ತಲಿಲ್ಲ.

ಗೌಸಮೊದ್ದೀನ ತತ್ತಿಗೆ ಬರುವುದು ನಿಂತಿತು. ಹಬ್ಬ ಕಳೆದು, ಬನ್ನಿ ಕೊಟ್ಟು ತಗೊಂಡು ಮುಗಿದ ಮೇಲೆ ಒಂದು ದಿನ ಬಂದ. ಸೈಕಲ್ಲಿಗೆ ಬುಟ್ಟಿ ಇರಲಿಲ್ಲ. ಅಂಗಳದಲ್ಲಿಯೇ ನಿಂತು, ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ.

"ಹಿಂಡ ಪೂರಾ ಹೋತ್ರಿ ಯವ್ವಾ. ಬಾತು, ದೊಡ್ಡಬಾತು, ಒಂದೂ ಉಳೀಲಿಲ್ಲ. ನಮ್ಮ ಅಮ್ಮಾಗ ಆ ಹಕ್ಕಿ ಅಂದ್ರ ಜೀವ. ತೌಡಿನ್ಯಾಗ ಏನ ಕಲಿಸಿ ಹಾಕಿದಿ ಅಂತ ಸಿತಾರಾನ ಮ್ಯಾಲ ಹರಿಹಾಯಾಕತ್ತಾಳ್ರಿ. ಕೆಟ್ಟ ಕೈ, ಈ ಕೈಯಿಂದ ಮನಿ ಉಳಿಯೂದಿಲ್ಲ, ಸವಣೂರಿಗೆ ಕಳಿಸಿಬಿಡು ಅಂತಾಳ. ನಾಳಿ ಮುಂಜಾನೆ ತಾಂಗಾ ಹೇಳೇನಿ."

"ಮತ್ತ ಕರಕೊಂಡು ಬರತೀಯೋ ಇಲ್ಲೋ?" ಸತ್ಯವ್ವನ ದನಿ ಸಣ್ಣದಾಗಿತ್ತು.

"ಅಮ್ಮಾ ಹೂಂ ಅಂದ್ರ." ಅವನು ನೆಲ ನೋಡುತ್ತ ನಿಂತ. "ಸಿತಾರಾ ತಿರುಗಿ ಒಂದ ಮಾತ ಆಡೂದಿಲ್ರಿ. ತನ್ನ ಕೈಯಾಗ ಏನೋ ಐತಿ ಅಂತ ಆಕೀನೂ ನಂಬಿಬಿಟ್ಟಾಳ. ನಿಮ್ಮ ಹಂಸ ಅದ ಕೈಯಾಗ ಬದುಕಿತಲ್ರಿ, ತನ್ನವು ಯಾಕ ಸತ್ತುವು ಅಂತ ಕುಂತಲ್ಲೆ ಕುಂತು ಕೈ ನೋಡಕೋತಾಳ."

ಅವನು ಹೋದ ಮೇಲೆ ಒಲೆಯ ಮೇಲಿನ ರೊಟ್ಟಿ ಕರಕಾಗಿ ಮನೆಯೆಲ್ಲ ಹೊಗೆ ತುಂಬಿತು. ಊಟಕ್ಕೆ ಕೂತಾಗ ಕಸ್ತೂರೆವ್ವ ಹೇಳಿದಳು:

"ನಾಳಿ ನಾ ಹೋಗಿ ಖರೇ ಹೇಳತೇನ್ರಿ ಅತ್ತಿ."

"ಬಾಯಿ ಮುಚ್ಚು."

"ಆಕಿ ತಪ್ಪೇನೈತ್ರಿ? ಜಡ್ಡು ಬಿದ್ದ ಹಕ್ಕೀನ ಜ್ವಾಪಾನ ಮಾಡಿದ್ದು ತಪ್ಪೇನು?"

"ನಿನ್ನ ಹೊಟ್ಟ್ಯಾಗ ಏನೈತಿ ಅನ್ನೂದು ಮರತಿಯೇನು? ನನ್ನ ನೆಗೆಣ್ಣಿ ಕೂಸಿನ ಕೈ ಇನ್ನೂ ನನ್ನ ಕಣ್ಣಾಗೈತಿ, ಎಳೇ ಬೆಂಡಿಕಾಯಿ ಹಂಗಿತ್ತು ಬೆರಳು. ತಣ್ಣಗಾಗಿತ್ತು. ಆಕಿ ಹಾದಿ ಹಿಡೀತೀಯೇನು ನೀ?"

ದ್ಯಾಮಣ್ಣ ನಡುವೆ ಬಂದ. "ಹೇಳಿದ್ರ ಬ್ಯಾನಿ ಬರತೈತೇನವ್ವಾ? ಹಂಗಿದ್ರ ಧಾರವಾಡದ ಡಾಕ್ಟರ್ ಎಂದೋ ಸಾಯಬೇಕಿತ್ತು. ದಿನಾ ಅದನ್ನ ಹೇಳತಾನ."

"ಹಂಗಾರ ನೀನ ಹೇಳು. ಹೆಂಡತೀನ ಕಳಸು. ನನ್ನ ಮುಂದ ನಿಂತು ಅನ್ನು, ಹೋಗು ಅಂತ."

ದ್ಯಾಮಣ್ಣ ಹೆಂಡತಿಯ ಕಡೆ ನೋಡಿದ, ಆಕೆಯ ಹೊಟ್ಟೆಯ ಕಡೆ ನೋಡಿದ, ತುತ್ತು ಕೈಯಲ್ಲಿಯೇ ಉಳಿಯಿತು. ಹೋಗು ಎನ್ನುವ ಧೈರ್ಯ ಅವನಿಗೂ ಬರಲಿಲ್ಲ. ಕಸ್ತೂರೆವ್ವನೇನು ಆ ಕಟ್ಟಳೆಯನ್ನು ನಂಬದವಳಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು, ಭಯ ಇದ್ದೇ ಇತ್ತು. ಆದರೆ ಕೂತಲ್ಲೇ ಕೂತು ತನ್ನ ಕೈಯನ್ನು ನೋಡಿಕೊಳ್ಳುವ ಸಿತಾರಾ ಕಣ್ಣಿಗೆ ಕಟ್ಟಿದರೆ ಆ ಭಯಕ್ಕಿಂತ ದೊಡ್ಡ ಸಂಕಟ ಎದ್ದುಬರುತ್ತಿತ್ತು.

ಬೆಳಗಾಯಿತು. ಕೆರೆಯ ಮೇಲೆ ಮಂಜು ಕೂತು ಆಚೆ ದಂಡೆಯೇ ಇಲ್ಲದಂತಾಗಿತ್ತು. ಕಸ್ತೂರೆವ್ವ ಬುಟ್ಟಿ ಎತ್ತಿ ಬೆಳ್ಳಿಗೆ ಒಂದು ಹಿಡಿ ಅರಳು ಹಾಕಿದಳು. ಅದು ತಿನ್ನುವುದನ್ನು ನೋಡುತ್ತ ನಿಂತಳು. ಆಮೇಲೆ ರೊಟ್ಟಿಗಂಟು ಕಟ್ಟುತ್ತಿದ್ದ ಗಂಡನ ಹತ್ತಿರ ಹೋಗಿ, "ಬೆಳ್ಳೀನ ನೀವ ಮುಗಸ್ರಿ. ಇದನ್ನ ಇಟಗೊಂಡು ಆಕಿ ಮುಂದ ನಿಂದರಲಾರೆ. ಹೂಳಿ ಮ್ಯಾಲ ಸುಣ್ಣ ಜಾಸ್ತಿ ಹಾಕ್ರಿ," ಎಂದಳು. ಅವನು ಹೂಂ ಎಂದ. ಅಂದು ಅವನು ಕಾರಖಾನೆಗೆ ಹೋಗಲಿಲ್ಲ. ಆಕೆ ಅತ್ತೆಯ ಕೂಗು ಕೇಳಿದರೂ ನಿಲ್ಲದೆ ಮಂಜಿನೊಳಗೆ ನಡೆದುಬಿಟ್ಟಳು.

ಬೆಂಗೇರಿಯ ಆ ಮನೆಯ ಮುಂದೆ ತಾಂಗಾ ನಿಂತಿತ್ತು. ಕುದುರೆ ಕಾಲು ಬದಲಿಸುತ್ತಿತ್ತು. ಗೌಸಮೊದ್ದೀನ ಟ್ರಂಕನ್ನು ಎತ್ತಿ ಇಟ್ಟು, ಮತ್ತೆ ಸರಿಸಿ, ಮತ್ತೆ ಇಟ್ಟು ಹೊತ್ತು ಕಳೆಯುತ್ತಿದ್ದ. ಸಿತಾರಾ ಗೋಡೆಗೆ ಆತು ನಿಂತಿದ್ದಳು. ಹೊಸ್ತಿಲಲ್ಲಿ ಮಣೆಯ ಮೇಲೆ ಆಕೆಯ ಅತ್ತೆ ಶಹಜಹಾನಬೇಗಂ ತಸಬಿಯ ಮಣಿ ಎಣಿಸುತ್ತ ಕೂತಿದ್ದಳು. ಖಾಲಿಯಾದ ಹಿತ್ತಲಿನಿಂದ ಸಪ್ಪಳವೇ ಇರಲಿಲ್ಲ.

ಕಸ್ತೂರೆವ್ವ ಏದುಸಿರು ಬಿಡುತ್ತ ಮುದುಕಿಯ ಮುಂದೆ ಹೋಗಿ ನಿಂತಳು.

"ಅಮ್ಮಾ, ಸಿತಾರಾನ ಕಳಸಬ್ಯಾಡ್ರಿ. ಆ ಹಂಸ..."

ಮುಂದಿನ ಮಾತು ಬರುವುದರೊಳಗೆ ಹಿಂದಿನಿಂದ ಒಂದು ಒಣಗಿದ ಅಂಗೈ ಬಂದು ಆಕೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಿತು. ಎಲೆಅಡಿಕೆಯ ವಾಸನೆಯಿಂದಲೇ ಯಾರೆಂದು ತಿಳಿಯಿತು. ಸತ್ಯವ್ವ ಹಳ್ಳದಲ್ಲಿ ಇಳಿದು ಅಡ್ಡದಾರಿಯಿಂದ ಬಂದಿದ್ದಳು. ಸೀರೆ ಮೊಣಕಾಲಿನವರೆಗೆ ಒದ್ದೆ, ತಲೆಯ ಸೆರಗು ಎಲ್ಲೋ ಜಾರಿಹೋಗಿತ್ತು.

"ನೀ ಅನಬ್ಯಾಡ. ನಿನ್ನ ಬಾಯಾಗ ಅದು ಬರೂದು ಬ್ಯಾಡ," ಎಂದು ಸೊಸೆಯ ಕಿವಿಯಲ್ಲಿ ಹೇಳಿ, ಆಕೆಯನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ನಿಂತಳು.

"ಬೀಬಿಯವರ, ಕೇಳ್ರಿ. ನಮ್ಮ ಮನಿ ಬ್ಯಾನಿ ನಿಮ್ಮ ಮನಿಗೆ ಬಂತು. ಜಡ್ಡು ಬಿದ್ದ ಹಂಸಾನ ದೇವಿಗೆ ಬಿಟ್ಟೇನಿ ಅಂತ ನಿಮ್ಮ ಗಡಿಗೆ ಬಿಟ್ಟಾಕಿ ನಾನು. ನಿಮ್ಮ ಸೊಸಿಗೆ ಗೊತ್ತಿಲ್ಲ, ಪಾಪ, ಎತಗೊಂಡು ಬಂದು ಉಳಿಸಿದ್ಲು. ಆಕಿ ಕೈ ಛಲೋ ಐತ್ರಿ. ಕೆಟ್ಟ ಕೈ ನಂದು. ನಾನು ಸತ್ಯವ್ವ. ಉಣಕಲ್ ಕೆರಿ ಅಂಬಿಗರ ಓಣಿ ಸತ್ಯವ್ವ. ಫಕೀರಪ್ಪನ ಹೆಂಡತಿ."

ಎಂದೂ ನಾಲಿಗೆಯ ಮೇಲೆ ತಂದಿರದ ಗಂಡನ ಹೆಸರನ್ನೂ ಆಕೆ ಹೇಳಿದ್ದಳು. ತಿರುಗಿ ಬರುವ ಬೇನೆಗೆ ಮನೆಯ ಗುರುತಾಗಲಿ ಹೆಂಗಸಿನ ಗುರುತಾಗಲಿ ತಪ್ಪಬಾರದು. ತನ್ನ ಹಿಂದೆ ನಿಂತವಳನ್ನು ಅದು ನೋಡಬಾರದು. ಕಸ್ತೂರೆವ್ವನಿಗೆ ಅದು ಅರ್ಥವಾಯಿತು.

ಶಹಜಹಾನಬೇಗಂ ತಸಬಿಯನ್ನು ಮಣೆಯ ಮೇಲಿಟ್ಟಳು. ಆಮೇಲೆ ಶುರು ಮಾಡಿದಳು. "ನಿನ್ನ ಬ್ಯಾನಿ ಬಿಡಾಕ ನನ್ನ ದಿಕ್ಕ ಸಿಕ್ಕಿತ್ತೇನು? ನನ್ನ ಮಕ್ಕಳಂಗ ಸಾಕಿದ್ದೆ ಅವನ್ನ. ಹೆಸರ ಹಿಡಿದು ಕರದ್ರ ಬರತಿದ್ದುವು," ಎಂದು ಅಳುತ್ತ ಬೈದಳು, ಬೈಯುತ್ತ ಅತ್ತಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಸತ್ಯವ್ವ ಒಂದಕ್ಕೂ ಎದುರಾಡಲಿಲ್ಲ. ಉಣಕಲ್ಲಿನ ಅಂಬಿಗರ ಓಣಿಯಲ್ಲಿ ಆಕೆಯೊಡನೆ ಜಗಳಕ್ಕೆ ನಿಂತು ಗೆದ್ದವರಿಲ್ಲ. ಅಂದು ಮಾತ್ರ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಬೈದು ಬೈದು ಸಾಕಾದ ಮೇಲೆ ಶಹಜಹಾನಬೇಗಂ ಕಣ್ಣೊರೆಸಿಕೊಂಡು ಮಗನಿಗೆ, "ಟ್ರಂಕ್ ಇಳಸು. ತಾಂಗಾದವಂಗ ಹೋಗು ಅನ್ನು," ಎಂದಳು. ಸೊಸೆಯ ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಎಷ್ಟೊತ್ತು ನಿಂತಿ ಅಲ್ಲೆ? ಒಲಿ ಹಚ್ಚು ಹೋಗು," ಎಂದಳು ಅಷ್ಟೆ.

ಸಿತಾರಾ ಗೋಡೆಯಿಂದ ಸರಿದು ಕಸ್ತೂರೆವ್ವನ ಹತ್ತಿರ ಬಂದಳು.

"ಬೆಳ್ಳಿ?"

ಕಸ್ತೂರೆವ್ವ ಇಲ್ಲವೆಂದು ತಲೆಯಾಡಿಸಿದಳು.

ಸಿತಾರಾಳ ಕಣ್ಣು ತುಂಬಿ ಬಂತು. "ಖೀರು ತಿನ್ನೂ ಮುಂದ ನಿನಗ ಗೊತ್ತಿತ್ತು," ಎಂದಳು ಮೆಲ್ಲಗೆ. ತಿರುಗಿ ಒಳಗೆ ಹೋದಳು. ಆಕೆ ಮತ್ತೆ ಯಾವಾಗ ತನ್ನೊಡನೆ ಮಾತಾಡುವಳೋ, ಮಾತಾಡುವಳೋ ಇಲ್ಲವೋ, ಕಸ್ತೂರೆವ್ವನಿಗೆ ತಿಳಿಯಲಿಲ್ಲ. ಒಳಗಿನಿಂದ ಒಲೆಯ ಹೊಗೆ ಬಂತು. ಅದನ್ನು ಕಂಡ ಮೇಲೆಯೇ ಆಕೆ ಆ ಅಂಗಳದಿಂದ ಹೊರಟಳು.

"ನೀ ಮುಂದ ನಡಿ. ನನ್ನ ನೆರಳಿಗೆ ಬರಬ್ಯಾಡ," ಎಂದಳು ದಾರಿಯಲ್ಲಿ ಸತ್ಯವ್ವ. ದಾರಿಯುದ್ದಕ್ಕೂ ದೂರದಲ್ಲಿ ಹಿಂದೆಯೇ ಬಂದಳು. ಮನೆ ಮುಟ್ಟಿದ ಮೇಲೆ ಹೊಸ್ತಿಲು ತುಳಿಯಲಿಲ್ಲ. ಅಂಗಳದ ಮೂಲೆಯಲ್ಲಿ ಸೌದೆ ಇಡುವ ಚಪ್ಪರದಡಿ ಹೋಗಿ ಕೂತಳು.

"ಇದೇನವ್ವಾ ಹೊಸಾ ಆಟ?" ದ್ಯಾಮಣ್ಣ ಸುಣ್ಣದ ಕೈಯಲ್ಲಿಯೇ ಓಡಿಬಂದ. "ಒಳಗ ಬಾ."

"ಕೂಸು ಹುಟ್ಟೂತನ ನಾ ಹೊರಗ. ಅದು ನನ್ನ ಹುಡುಕ್ಕೊಂಡು ಬರತೈತಿ. ಬಂದ್ರ ಇಲ್ಲೇ ಬರ್ಲಿ, ನಿಮ್ಮ ಒಳಗ ಬ್ಯಾಡ. ಹಾಸಾಕ ಕೌದಿ ತಂದು ಒಗಿ."

ಮಗ ಕೂಗಾಡಿದ, ಬೇಡಿಕೊಂಡ, ಕೊನೆಗೆ ಸಿಟ್ಟಿನಿಂದ ಹೋಗಿ ಬಾಗಿಲಲ್ಲಿ ಕೂತ. ಹಗಲು ಹಾಗೆಯೇ ಜಾರಿತು. ಹೊತ್ತು ಇಳಿದು, ಕೆರೆಯ ನೀರು ಕೇಸರಿಯಾಗಿ, ಅಂಗಳದ ಮಣ್ಣೂ ಮುದುಕಿಯ ಬಿಳಿಗೂದಲೂ ಅದೇ ಬಣ್ಣಕ್ಕೆ ತಿರುಗಿದವು. ಕಸ್ತೂರೆವ್ವ ರೊಟ್ಟಿ ಬಡಿದು, ಮಡಕಿಕಾಳಿನ ಪಲ್ಯ ಮಾಡಿ, ತಾಟಿಗೆ ಹಾಕಿಕೊಂಡು ಚಪ್ಪರದ ಕಡೆ ಬಂದಳು.

"ಅಲ್ಲೇ ಇಟ್ಟು ಹೋಗು," ಎಂದಳು ಸತ್ಯವ್ವ.

ಕಸ್ತೂರೆವ್ವ ಹೋಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಅತ್ತೆಯ ಎದುರಿಗೆ ಕುಕ್ಕರಿಸಿದಳು. ತಾಟನ್ನು ನಡುವೆ ಇಟ್ಟು, ರೊಟ್ಟಿಯ ತುದಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಹಾಕಿಕೊಂಡಳು.

"ಹುಚ್ಚಿ ಅದಿಯೇನು ನೀ? ಏಳು!" ಸತ್ಯವ್ವ ತಾಟನ್ನು ತನ್ನ ಕಡೆ ಜಗ್ಗಿಕೊಂಡಳು. "ಇಷ್ಟೆಲ್ಲಾ ಯಾರ ಸಲುವಾಗಿ ಮಾಡೇನಿ ನಾ?"

"ಗೊತ್ತೈತ್ರಿ." ಕಸ್ತೂರೆವ್ವ ತಾಟಿನ ಇನ್ನೊಂದು ಅಂಚು ಬಿಡಲಿಲ್ಲ. "ಬೆಳ್ಳೀನ ಗಡಿ ಮ್ಯಾಲ ಒಬ್ಬಾಕೀನ ಬಿಟ್ಟು, ಹಿಂದ ನೋಡದಂಗ ಬಂದೆ. ನಿಮ್ಮನ್ನ ಹಂಗ ಬಿಡಾಕ ಆಗೂದಿಲ್ರಿ ಅತ್ತಿ."

ಸತ್ಯವ್ವ ತಾಟಿನ ಮೇಲಿನ ಕೈಯನ್ನು ಸಡಿಲಿಸಿ, ರೊಟ್ಟಿಯನ್ನು ಎರಡು ಹೋಳು ಮಾಡಿ, ದೊಡ್ಡದನ್ನು ಸೊಸೆಯ ಕಡೆ ಸರಿಸಿದಳು.

"ಖಾರ ಜಾಸ್ತಿ ಆಗೈತಿ," ಎಂದಳು. "ಬಸರಿಯಾಕಿಗೆ ಇಷ್ಟು ಖಾರ ಆಗೂದಿಲ್ಲ. ಒಳಗ ನಡಿ, ಮಸರು ಐತಿ."

ಹೇಳಿ ತಾನೇ ಮೊದಲು ಎದ್ದು ಹೊಸ್ತಿಲು ದಾಟಿದಳು.